ಸದ್ದಿಲ್ಲದ ಟೀವಿ

ಕೊನೆಯ ನೆಂಟರೂ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಒರೆಸಿದೆ. ಬಾಡಿಗೆ ಕುರ್ಚಿಗಳು ಹೋಗಿದ್ದವು. ಬಾಗಿಲ ಬಳಿ ಚಪ್ಪಲಿಗಳ ರಾಶಿ ಇರಲಿಲ್ಲ. ನನ್ನ ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದ ಮೊದಲ ಬೆಳಗು ಅದು: ಅತ್ತೆ, ನಾನು, ಬಟಾಣಿ.

ಬಟಾಣಿ ನನ್ನ ಮಗಳು. ಹುಟ್ಟಿದ ದಿನ ಅವಳಪ್ಪ ತಮಾಷೆಗೆ ಕರೆದದ್ದು ಹಾಗೇ ಉಳಿದುಕೊಂಡಿತು. ಎರಡು ತುಂಬಲು ಇನ್ನೂ ಸ್ವಲ್ಪ ಬಾಕಿ. ಎದ್ದವಳೇ ಮಂಚ ಹತ್ತಿ, ಅವನು ಒರಗಿ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ತನ್ನ ಜಾಗ ಹಿಡಿದಳು. ದಿಂಬಿನ ಅಡಿಯಿಂದ ರಿಮೋಟು ತೆಗೆದು ನನ್ನತ್ತ ಚಾಚಿದಳು. ನಾನು ಟೀವಿ ಹಾಕಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಆ ಟೀವಿ ನಮ್ಮದಲ್ಲ. ಮೇಲ್ಮನೆಯ ಟೈಲರ್ ಅಕ್ಕನದು. ನಾವು ಟೀವಿ ಕೊಂಡಿರಲೇ ಇಲ್ಲ. ನಾನು ಮಕ್ಕಳ ಕಿವಿ ಪರೀಕ್ಷೆ ಮಾಡುವವಳು; ಅದನ್ನೇ ಓದಿದ್ದು, ಅದೇ ಕೆಲಸ. ಮಾತು ಬಾರದ ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ದಿನಕ್ಕೆ ಎಷ್ಟು ಹೊತ್ತು ಟೀವಿ ಎಂಬುದು. ಅವರು ಹೇಳಿದ್ದರ ಎರಡರಷ್ಟು ಬರೆದುಕೊಳ್ಳುವುದು ನಮ್ಮಲ್ಲಿ ರೂಢಿ. ಅಂಥವಳ ಮನೆಯಲ್ಲಿ ಟೀವಿ ಬೇಡ ಎಂದು ಇಬ್ಬರೂ ಒಪ್ಪಿದ್ದೆವು. ಆಮೇಲೆ ಅವನ ಹೃದಯ ಸೋತಿತು. ಮಂಚ ಬಿಟ್ಟು ಏಳಬಾರದು ಎಂದರು ಡಾಕ್ಟರು. ನಾನು ಕೆಲಸಕ್ಕೆ ಹೋಗಲೇಬೇಕು; ಅತ್ತೆ ಬಂದು ಅಡುಗೆಮನೆ ಹಿಡಿದರು; ಮಗು ಅವನ ಮಂಚದಲ್ಲೇ ಬೆಳೆಯತೊಡಗಿತು. ಹಗಲು ಹೋಗುವುದೇ ಇಲ್ಲ ಎಂದು ಅವನು ಟೈಲರ್ ಅಕ್ಕನ ಹತ್ತಿರ ಟೀವಿ ಕೇಳಿ ತರಿಸಿಕೊಂಡ.

ನಾವು ಜಗಳವಾಡಿದೆವು. ಚಿತ್ರದಿಂದ ಅಷ್ಟು ಕೆಡುಕಿಲ್ಲ, ಎಂದೆ ನಾನು; ಆ ಡಬ್ಬ ಬಡಬಡಿಸುತ್ತಿರುವಾಗ ಮನೆಯಲ್ಲಿ ಯಾರೂ ಮಗುವಿನೊಡನೆ ಮಾತಾಡುವುದಿಲ್ಲ, ಅದು ಕೆಡುಕು. ಮಗು ಮಾತು ಕಲಿಯುವುದು ಮನುಷ್ಯರ ಬಾಯಿಂದ. ಅವನು ಗಮನವಿಟ್ಟು ಕೇಳಿದ. ಕೊನೆಗೆ ಅವಳಿಗೆ ದಿನಕ್ಕೆ ಅರ್ಧ ಗಂಟೆ ಎಂದು ಗೊತ್ತುಮಾಡಿದೆವು.

ಈಗ ಬಟಾಣಿ ರಿಮೋಟು ಕಸಿದುಕೊಂಡು ಒಂದು ಗುಂಡಿ ಒತ್ತಿದಳು. ಸದ್ದು ಹೋಯಿತು. ಚಿತ್ರ ಮಾತ್ರ ಓಡುತ್ತಿತ್ತು: ಒಂದು ಕೊಟ್ಟಿಗೆ, ಕೋಳಿ, ನಾಯಿ, ಕತ್ತೆ. ಅತ್ತೆ ಒಳಗೆ ಬಂದು ಸದ್ದು ಏರಿಸಿದರು. ಅವಳು ಮತ್ತೆ ಒತ್ತಿದಳು.

ಅತ್ತೆಗೆ ಕಿವಿ ಮಂದ. ಕಿವಿಗೆ ಹಾಕಿಕೊಳ್ಳುವ ಯಂತ್ರ ನಾನೇ ತಂದುಕೊಟ್ಟಿದ್ದೆ. ಅದು ಕಪಾಟಿನಲ್ಲಿ ಮಲಗಿದೆ. “ನನ್ನ ಕಿವಿಗೇನಾಗಿದೆ? ಗುಂಡುಕಲ್ಲಿನ ಹಾಗಿದೆ. ನೀವು ಗೊಣಗೋದು ಬಿಡಿ,” ಎನ್ನುವುದು ಅವರ ಮಾಮೂಲು ಮಾತು. ಅವರೊಡನೆ ಮಾತಾಡಬೇಕಾದರೆ ದನಿ ಏರಿಸಬೇಕು. ಅಷ್ಟು ದನಿ ನನ್ನಲ್ಲಿ ಉಳಿದಿರಲಿಲ್ಲ. ಊಟಕ್ಕೆ, ನೀರಿಗೆ, ಬಾಗಿಲಿಗೆ ಕೈಸನ್ನೆಯೇ ಸಾಕಾಗುತ್ತಿತ್ತು.

ನಾನು ಕೆಲಸಕ್ಕೆ ಮರಳಿದೆ. ಮನೆಯಲ್ಲಿ ಟೀವಿ ಓಡಿತು. ಅತ್ತೆ ಇರುವಾಗ ಗೋಡೆ ಅದುರುವಷ್ಟು ಸದ್ದು. ಅವರು ಅಡುಗೆಮನೆಗೆ ಹೋದರೆ ಪೂರ್ತಿ ಮೌನ. ಬಟಾಣಿ ಅದರ ಮುಂದೆ ಉಂಡಳು, ಅದರ ಮುಂದೆ ಮಲಗಿದಳು. ಒಂದು ಸಂಜೆ ನಾನು ಬಂದು ಅದನ್ನು ಆರಿಸಿದೆ. ಅತ್ತೆಗೆ ಸಿಟ್ಟು ಬಂತು. ಅನ್ನ ಕಲಸಿದ ತಟ್ಟೆ ಅವರ ಕೈಯಲ್ಲಿತ್ತು. ಟೀವಿ ಇಲ್ಲದಿದ್ದರೆ ಅವಳು ಬಾಯಿಯೇ ತೆರೆಯುವುದಿಲ್ಲವೆಂದೂ, ದಿನವಿಡೀ ನೋಡಿಕೊಳ್ಳುವವರಿಗೆ ಗೊತ್ತು ಕಷ್ಟವೆಂದೂ, ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲವೆಂದೂ ಹೇಳಿದರು. ಬೆಳಿಗ್ಗೆ ಅದನ್ನು ಹಾಕಿಕೊಟ್ಟು ಹೋಗುವವಳು ನಾನೇ ತಾನೆ? ಆಮೇಲೆ ದನಿ ತಗ್ಗಿಸಿದರು.

“ಆರಿಸಿದ್ರೆ ಮನೆ ಬಿಕೋ ಅನ್ನತ್ತಮ್ಮ. ಅಷ್ಟಾದ್ರೂ ಇರ್ಲಿ.”

ನಾನು ಮತ್ತೆ ಹಾಕಿದೆ.

ಟೈಲರ್ ಅಕ್ಕ ಒಮ್ಮೆ ಕೆಳಗಿಳಿದು ಬಂದರು. ಕೊರಳಲ್ಲಿ ಅಳತೆ ಪಟ್ಟಿ, ಸೆರಗಿಗೆ ಚುಚ್ಚಿದ ಸೂಜಿ. ಗಿರಾಕಿಗಳು ಬಂದರೆ ತಮಗೆ ಕೇಳಿಸುವುದಿಲ್ಲ, ಸದ್ದು ಒಂಚೂರು ಕಡಿಮೆ ಮಾಡಿದರೆ ಒಳ್ಳೆಯದಿತ್ತು ಎಂದು ನೆಲ ನೋಡುತ್ತ ಹೇಳಿದರು. ಒಳಗೆ ಹಣಕಿ ತಮ್ಮ ಟೀವಿಯನ್ನೂ ಅದರ ಮುಂದಿನ ಮಂಚವನ್ನೂ ನೋಡಿದರು. ವಾಪಸು ಕೇಳುತ್ತಾರೆಂದುಕೊಂಡೆ. ಕೇಳಲಿಲ್ಲ. ಬಟಾಣಿಯನ್ನು ಎತ್ತಿಕೊಂಡು, “ಏನೇ, ನಿನ್ನ ಬಾಯಿ ಹೊಲಿದವರು ಯಾರೇ? ನಾನಂತೂ ಅಲ್ಲ,” ಎಂದು ನಕ್ಕರು.

ಅವಳಪ್ಪ ಇದ್ದಾಗ ಬಟಾಣಿಗೆ ಐದು ಮಾತು ಬರುತ್ತಿತ್ತು: ಅಪ್ಪ, ಬೌ, ನೀರಿಗೆ ನೀಯಿ, ಕೊಕ್ಕೋ, ಬೇಡ. ಬೇಡ ಎನ್ನುವುದನ್ನಂತೂ ದಿನವಿಡೀ ಹೇಳುತ್ತಿದ್ದಳು. ಅವಳಪ್ಪ ಹೋದಂದಿನಿಂದ ಒಂದನ್ನೂ ಹೇಳಿರಲಿಲ್ಲ. ಅತ್ತರೂ ಅಳುವಿಗೆ ದನಿಯಿರಲಿಲ್ಲ. ನಾನು ಅದನ್ನು ಕಂಡೂ ಕಾಣದಂತಿದ್ದೆ. ಕೇಳಿಸದ ಮಗು ಮೊದಲು ಬಿಡುವುದು ಮಾತನ್ನೇ ಎಂದು ಪರರಿಗೆ ಹೇಳುವವಳು ನಾನು. ಟೀವಿಯ ಸದ್ದು ಬೇಡವೆಂದು ಗುಂಡಿ ಒತ್ತುತ್ತಾಳೆ. ಕರೆದರೆ ತಿರುಗುತ್ತಾಳೋ? ನೆನಪಾಗಲಿಲ್ಲ. ನಾನು ಅವಳನ್ನು ಕರೆದೇ ಇರಲಿಲ್ಲ.

ಮರುದಿನ ಅವಳನ್ನು ನನ್ನೊಡನೆ ಕರೆದೊಯ್ದೆ.

ನಮ್ಮಲ್ಲಿ ಹೊರಗಿನ ಸದ್ದು ಒಳಬಾರದ ಒಂದು ಕೋಣೆ ಇದೆ. ಚಿಕ್ಕ ಮಕ್ಕಳ ಪರೀಕ್ಷೆ ಹೀಗೆ: ಮಗು ತಾಯಿಯ ತೊಡೆಯ ಮೇಲೆ, ಎದುರಿಗೆ ಆಟಿಕೆ. ಪಕ್ಕದ ಪೆಟ್ಟಿಗೆಯಿಂದ ಸದ್ದು ಬರುತ್ತದೆ. ಮಗು ಅತ್ತ ತಿರುಗಿದರೆ ಕಪ್ಪು ಗಾಜಿನ ಹಿಂದೆ ದೀಪ ಹತ್ತಿ, ಒಂದು ಕರಡಿಗೊಂಬೆ ಡೋಲು ಬಡಿಯುತ್ತದೆ. ತಿರುಗಿದ್ದಕ್ಕೆ ಬಹುಮಾನ ಅದು. ಬಹುಮಾನ ಕೊಡುವುದನ್ನು ಮರೆತರೆ ಮಗು ನಾಲ್ಕಾರು ಸಲ ತಿರುಗಿ, ಆಮೇಲೆ ಬಿಟ್ಟುಬಿಡುತ್ತದೆ. ಕೇಳಿಸಿದರೂ ತಿರುಗುವುದಿಲ್ಲ. ಹೊಸಬರಿಗೆ ನಾವು ಕಲಿಸುವ ಮೊದಲ ಪಾಠ ಇದು.

ಈ ಸಲ ತೊಡೆ ನನ್ನದು. ಕೋಣೆಯ ಗಾಜಿನ ಕಿಟಕಿಯಾಚೆ ಯಂತ್ರದ ಮುಂದೆ ನನ್ನ ಸಹೋದ್ಯೋಗಿ ಕೂತ. ಬಟಾಣಿ ಎಲ್ಲದಕ್ಕೂ ತಿರುಗಿದಳು. ಸೊಳ್ಳೆಯಷ್ಟು ಸಣ್ಣ ಸದ್ದಿಗೂ ತಿರುಗಿ ಕರಡಿಯನ್ನು ನೋಡಿದಳು. ನಗಲಿಲ್ಲ.

ಕಿವಿ ಚೊಕ್ಕವಾಗಿದೆ ಎಂದ ಅವನು. ಎದುರು ಕುರ್ಚಿ ಎಳೆದುಕೊಂಡು ಕೂತ. ನಾನು ಕೇಳುವ ಪ್ರಶ್ನೆಗಳನ್ನೆಲ್ಲ ನನ್ನದೇ ಕ್ರಮದಲ್ಲಿ ಕೇಳಿದ.

“ದಿನಕ್ಕೆ ಎಷ್ಟು ಹೊತ್ತು ಟೀವಿ?”

“ಅರ್ಧ ಗಂಟೆ,” ಎಂದೆ.

ಅವನು ಒಂದು ಗಂಟೆ ಎಂದು ಬರೆದುಕೊಂಡ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕೇಳಿದ, “ಮನೇಲಿ ಅವಳ ಜೊತೆ ಮಾತಾಡೋರು ಯಾರು?”

ನಾನು ಬಟಾಣಿಯನ್ನು ಎತ್ತಿಕೊಂಡು ಎದ್ದೆ.

ಆ ಸಂಜೆ ಟೀವಿಯ ತಂತಿ ಕಿತ್ತುಬಿಡಬೇಕೆಂದು ಮಲಗುವ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತೆ. ಬಟಾಣಿ ಮಂಚದ ಮೇಲಿದ್ದಳು. ಟೀವಿಯಲ್ಲಿ ಕೊಟ್ಟಿಗೆಯ ಅದೇ ಆಟ; ಸದ್ದಿಲ್ಲ. ನಾಯಿ ಬಂದು ಬಾಯಿ ತೆರೆಯಿತು. ಅವಳ ತಲೆ ತಟ್ಟನೆ ಎಡಕ್ಕೆ ತಿರುಗಿತು. ಖಾಲಿ ದಿಂಬು. ಸ್ವಲ್ಪ ಹೊತ್ತು ಅದನ್ನೇ ನೋಡಿ ಮತ್ತೆ ಟೀವಿಯತ್ತ ತಿರುಗಿದಳು. ಕೋಳಿ ಬಂತು. ಮತ್ತೆ ಎಡಕ್ಕೆ. ಕತ್ತೆ ಬಂತು. ಎಡಕ್ಕೆ, ಈ ಸಲ ಇನ್ನೂ ಹೆಚ್ಚು ಹೊತ್ತು.

ಮಕ್ಕಳ ತಲೆ ತಿರುಗುವುದನ್ನು ನೋಡುವುದೇ ನನ್ನ ಕಸುಬು. ಸುಮ್ಮನೆ ಅತ್ತಿತ್ತ ನೋಡುವುದು ಬೇರೆ, ದನಿಗಾಗಿ ತಿರುಗುವುದು ಬೇರೆ. ಇದು ದನಿಗಾಗಿ ತಿರುಗುವುದು. ದನಿ ಮಾತ್ರ ಇಲ್ಲ.

ಅಡುಗೆಮನೆಗೆ ಹೋಗಿ ಅತ್ತೆಯ ಕಿವಿಯ ಬಳಿ ಬಾಗಿ ಕೇಳಿದೆ, ಅವನು ಮಗುವಿನೊಡನೆ ಟೀವಿ ನೋಡುವಾಗ ಏನು ಮಾಡುತ್ತಿದ್ದ?

“ಸದ್ದೇ ಇಡ್ತಿರ್ಲಿಲ್ಲ. ಮೂಕಿ ಟೀವಿ,” ಎಂದರು. “ಅವಳ ಜೊತೆ ಏನೋ ಬಾಯಾಡಿಸ್ತಿದ್ದ. ಇಬ್ಬರೂ ನಗ್ತಿದ್ರು. ನಂಗೆಲ್ಲಿ ಹೇಳ್ತಾನೆ?”

“ಎಷ್ಟು ಹೊತ್ತು?”

“ಇನ್ನೆಷ್ಟು? ನೀನು ಬರೋ ತನಕ.”

ಒಲೆಯ ಪಕ್ಕ ನಿಂತೆ. ಮನುಷ್ಯರ ಬಾಯಿಂದ ಎಂದಿದ್ದೆ ನಾನು. ಅವನು ನನ್ನ ಮಾತನ್ನು ಅಕ್ಷರಶಃ ತೆಗೆದುಕೊಂಡಿದ್ದ. ಡಬ್ಬದ ಬಾಯಿ ಕಟ್ಟಿ ತನ್ನ ಬಾಯಿ ಕೊಟ್ಟಿದ್ದ. ಸದ್ದಿಲ್ಲದ ಮೇಲೆ ಅದು ಟೀವಿಯೇ ಅಲ್ಲವೆಂದು ಅರ್ಧ ಗಂಟೆಯನ್ನು ದಿನವಿಡೀ ಹಿಗ್ಗಿಸಿಕೊಂಡಿದ್ದ. ಏಳಬಾರದು, ಹೆಚ್ಚು ಮಾತಾಡಬಾರದು ಎಂದಿದ್ದರು ಡಾಕ್ಟರು. ಸಿಟ್ಟು ಬಂತು. ಜಗಳಕ್ಕೆ ಅವನಿರಲಿಲ್ಲ.

ಮಂಚದ ಎಡಬದಿಗೆ ಹೋಗಿ ಕೂತೆ. ಅವನು ಹೋದಂದಿನಿಂದ ಅಲ್ಲಿ ಕೂತಿರಲಿಲ್ಲ. ನಾಯಿ ಬಂತು. “ಬೌ,” ಎಂದೆ. ನನ್ನ ದನಿ ನನಗೇ ಯಾರದೋ ಎನ್ನಿಸಿತು. ಬಟಾಣಿ ತಿರುಗಿದಳು. ನನ್ನನ್ನು ದಿಟ್ಟಿಸಿ ನೋಡಿ, ತನ್ನ ಪುಟ್ಟ ಅಂಗೈಯನ್ನು ನನ್ನ ಬಾಯಿಯ ಮೇಲಿಟ್ಟು ಒತ್ತಿದಳು. ಸುಮ್ಮನಿರು ಎಂಬಂತೆ. ನೀನಲ್ಲ ಎಂಬಂತೆ. ಮತ್ತೆ ಟೀವಿಯತ್ತ ತಿರುಗಿ ಕಾಯತೊಡಗಿದಳು.

ಆಗ ಗೊತ್ತಾಯಿತು, ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಬಿಡಬೇಕೆಂದು. ಅವಳು ಟೀವಿ ನೋಡುತ್ತಲೇ ಇರಲಿಲ್ಲ, ಕಾಯುತ್ತಿದ್ದಳು. ಅದು ಮುಂದಿರುವಷ್ಟು ಕಾಲ ಕಾಯುತ್ತಾಳೆ. ಬಹುಮಾನ ಸಿಗದೆ ತಿರುಗುತ್ತಾಳೆ, ತಿರುಗುತ್ತಾಳೆ, ಒಂದು ದಿನ ತಿರುಗುವುದನ್ನೇ ಬಿಡುತ್ತಾಳೆ. ಆಮೇಲೆ ಯಾರ ದನಿಗೂ ತಿರುಗದಿದ್ದರೆ? ಆದರೆ ಅದನ್ನು ವಾಪಸು ಕೊಟ್ಟುಬಿಟ್ಟರೆ, ಅವಳ ಲೆಕ್ಕದಲ್ಲಿ ಅಪ್ಪ ಬರಬಹುದಾದ ಒಂದೇ ಜಾಗವನ್ನೂ ನಾನೇ ಮುಚ್ಚಿದಂತೆ. ಎರಡರಲ್ಲಿ ಯಾವುದು ಹೆಚ್ಚಿನ ಕೆಡುಕು ಎಂದು ನಾನು ಓದಿದ್ದರಲ್ಲಿ ಎಲ್ಲೂ ಇಲ್ಲ.

ಬೆಳಿಗ್ಗೆ ಟೀವಿಯ ತಂತಿ ಸುತ್ತತೊಡಗಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮೇಲಕ್ಕೆ ಕೈ ತೋರಿಸಿದೆ. ಮಗುವನ್ನು ಹಗಲೆಲ್ಲ ಹೇಗೆ ತಡೆಯುವುದು, ತಾವು ಗೋಡೆ ನೋಡುತ್ತ ಕೂರಬೇಕೇ ಎಂದು ಕೇಳಿದರು. ನಾನು ತಂತಿ ಸುತ್ತುತ್ತಲೇ ಇದ್ದೆ. ಸ್ವಲ್ಪ ಹೊತ್ತು ಗೊಣಗಿ, ಕೊನೆಗೆ ಒದ್ದೆ ಬಟ್ಟೆ ತಂದು ಗಾಜಿನ ಮೇಲಿನ ಧೂಳು ಒರೆಸಿದರು. ಇನ್ನೊಬ್ಬರ ವಸ್ತುವನ್ನು ಹಾಗೇ ಕೊಡಬಾರದು ಎಂದರು.

ನಾನು ಟೀವಿ ಎತ್ತಿಕೊಂಡೆ. ಅತ್ತೆ ನನ್ನ ಹಿಂದೆ, ಒಂದು ಕೈ ಮೆಟ್ಟಿಲ ಸರಳಿನ ಮೇಲೆ, ಇನ್ನೊಂದು ಬಟಾಣಿಯ ಭುಜದ ಮೇಲೆ. ಬಟಾಣಿ ಎರಡೂ ಕೈಯಲ್ಲಿ ರಿಮೋಟು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಕೊಡಲು ಒಪ್ಪಿರಲಿಲ್ಲ.

ಟೈಲರ್ ಅಕ್ಕನ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿದೆ, ನಮ್ಮ ಮಲಗುವ ಕೋಣೆಯ ಕಿಟಕಿಗೆ ಸರಿಯಾಗಿ ಮೇಲೆ. ಅದರ ಎದುರಿನ ಸ್ಟೂಲು ಇಷ್ಟು ದಿನ ಖಾಲಿಯಾಗಿಯೇ ಇತ್ತು. ಟೀವಿಯನ್ನು ಅಲ್ಲಿಟ್ಟೆ. ಇಷ್ಟು ಬೇಗ ಯಾಕೆ, ಇನ್ನಷ್ಟು ದಿನ ಇರಲಿ ಎಂದರು ಅಕ್ಕ. ಇದಿಲ್ಲದೆ ನಿಮಗೆ ಬೇಸರವಾಗಿರಬೇಕು ಎಂದೆ.

“ಬೇಸರ ಎಲ್ಲಿಂದ ಬಂತಮ್ಮ,” ಎಂದರು. ನೂಲು ಕಡಿದು ಬಾಯಿಂದ ತೆಗೆದರು. “ಕಿಟಕಿ ತೆಗೆದಿಟ್ರೆ ನಿಮ್ಮನೆಯವ್ರ ಮಾತೆಲ್ಲಾ ಕೇಳ್ತಿತ್ತಲ್ಲ. ಮೆಷಿನ್ ನಿಲ್ಲಿಸಿ ಕೂತ್ಕೋತಿದ್ದೆ. ನಾಯಿಗೊಂದು ದನಿ, ಕೋಳಿಗೊಂದು ದನಿ. ಅದ್ರಲ್ಲೂ ಆ ಕತ್ತೆ!” ಅತ್ತೆಯ ಕಡೆ ಒಮ್ಮೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನಿಮ್ಮತ್ತೆ ದನೀನೇ ಕತ್ತೆಗೆ.”

ಅತ್ತೆ ನಮ್ಮಿಬ್ಬರ ತುಟಿಗಳನ್ನು ನೋಡುತ್ತಿದ್ದರು. “ಏನಂತೆ? ಅವನ ಬಗ್ಗೆ ಏನೋ ಹೇಳ್ತಿದಾರೆ. ಏನದು?”

ಕೈಸನ್ನೆಯಲ್ಲಿ ಹೇಳುವಂಥದ್ದಲ್ಲ ಅದು. “ಕತ್ತೆಗೆ ನಿಮ್ಮ ದನಿ ಕೊಡ್ತಿದ್ದನಂತೆ,” ಎಂದೆ.

“ಆಂ?”

ಇನ್ನೊಮ್ಮೆ ಹೇಳಿದೆ. ಅವರು ತಲೆಯಾಡಿಸಿದರು, ಕೇಳಿಸಲಿಲ್ಲ. ಕಣ್ಣು ತುಂಬಿಕೊಂಡಿದ್ದರು, ಮಗನ ಸುದ್ದಿಯೊಂದು ತಮಗೆ ತಲುಪದೆ ಹೋಗುತ್ತಿದೆಯಲ್ಲ ಎಂದು. ನಾನು ಉಸಿರು ಎಳೆದುಕೊಂಡೆ. ಕೋಣೆಯೆಲ್ಲ ತುಂಬುವಂತೆ, ಅವರ ದನಿಯಲ್ಲೇ, ಅವನು ಹೇಳಿರಬಹುದಾದ ಹಾಗೆ ಹೇಳಿದೆ: “ನನ್ನ ಕಿವಿಗೇನಾಗಿದೆ? ಗುಂಡುಕಲ್ಲಿನ ಹಾಗಿದೆ!”

ಅತ್ತೆ ಬಾಯಿಬಿಟ್ಟು ನಿಂತರು. “ಕತ್ತೆಗಾ?” ಎಂದರು.

“ಕತ್ತೆಗೆ.”

“ಮುಂಡೇದು,” ಎಂದು ಅಲ್ಲೇ ಬಟ್ಟೆಯ ರಾಶಿಯ ಪಕ್ಕ ಕುಸಿದು ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ನೋಡಲಿಲ್ಲ.

ನಾನು ನೋಡುತ್ತಿದ್ದುದು ಬಟಾಣಿಯನ್ನು. ಆರಿದ ಟೀವಿಯ ಮುಂದೆ ನಿಂತವಳು ತಿರುಗಿದ್ದಳು. ಎಡಕ್ಕಲ್ಲ, ಕಿಟಕಿಯತ್ತಲ್ಲ, ನನ್ನತ್ತ. ಕಾಯುತ್ತಿದ್ದಳು.

ಅವಳೆದುರು ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ಹೇಳಿದೆ. ಅವಳ ಕೈ ನನ್ನ ಬಾಯಿಯವರೆಗೆ ಬಂತು. ಒತ್ತಲಿಲ್ಲ, ತುಟಿಗಳನ್ನು ಮುಟ್ಟಿ ನೋಡಿತು. ಅವಳ ಇನ್ನೊಂದು ಕೈಯಲ್ಲಿ ಸಡಿಲಾಗಿದ್ದ ರಿಮೋಟನ್ನು ಬಿಡಿಸಿಕೊಂಡು ಟೈಲರ್ ಅಕ್ಕನ ಕೈಗೆ ಕೊಟ್ಟೆ.