ಬೇರೆ ಬೇರೆ ವಿಮಾನ

ನಮ್ಮ ಯಜಮಾನರು ಕಮಲಾಕರ ಅವರು ಇನ್ಶೂರೆನ್ಸ್ ಆಫೀಸಿನಲ್ಲಿದ್ದುದು ಡೆತ್ ಕ್ಲೇಮ್ ಸೆಕ್ಷನ್ನಿನಲ್ಲಿ. ಹಗಲೆಲ್ಲ ಸತ್ತವರ ಫೈಲು ನೋಡಿ ನೋಡಿ, ಬದುಕಿರುವವರೂ ಅವರ ಕಣ್ಣಿಗೆ ಫೈಲಿನ ಹಾಗೇ ಕಾಣತೊಡಗಿದ್ದರು.

೧೯೮೬ರಲ್ಲಿ ಅವರಿಗೆ ಆಫೀಸಿನ ಖರ್ಚಿನಲ್ಲಿ ಅಂಡಮಾನಿಗೆ ಹೋಗಿಬರುವ ಅವಕಾಶ ಸಿಕ್ಕಿತು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ವಿಮಾನದಲ್ಲಿ ಕಿಟಕಿಯ ಹತ್ತಿರ ನಾನು, ನನ್ನ ಪಕ್ಕ ಅವರು, ಕೆಳಗೆ ಸಮುದ್ರ. ಎರಡು ತಿಂಗಳು ಇದನ್ನೇ ನೆನೆಸಿಕೊಂಡು ಹುಳಿಗೆ ಎರಡೆರಡು ಸಲ ಉಪ್ಪು ಹಾಕಿದ್ದೇನೆ. ಏಳು ವರ್ಷದ ಮಗಳು ಸೀತಾಳನ್ನು ವೆಸ್ಟ್ ಮಾಂಬಲಂ ಮನೆಯಲ್ಲೇ ಅತ್ತೆ ಶಾರದಮ್ಮನವರ ಹತ್ತಿರ ಬಿಟ್ಟು ಹೋಗುವುದೆಂದು ಮಾತಾಗಿತ್ತು.

ಟಿಕೆಟ್ ತಂದ ದಿನ ನೋಡಿದರೆ, ಅವರದು ಮಂಗಳವಾರದ ವಿಮಾನ, ನನ್ನದು ಶುಕ್ರವಾರದ್ದು. ಬರುವಾಗ ಮುಂದಿನ ಮಂಗಳವಾರ ನಾನು, ಶುಕ್ರವಾರ ಅವರು.

"ಇದೇನ್ರೀ ಇದು?" ಅಂದೆ.

"ಕೂತ್ಕೊ, ಹೇಳ್ತೀನಿ," ಅಂದರು. ಅತ್ತೆಯೂ ಸೀತಾಳೂ ಊಟಕ್ಕೆ ಕೂತಿದ್ದರು. "ತಿರುಚ್ಚಿ ರೋಡಲ್ಲಿ ಒಂದು ಕಾರ್ ಆಕ್ಸಿಡೆಂಟು. ಗಂಡನ ಪಾಲಿಸಿಗೆ ಹೆಂಡ್ತಿ ನಾಮಿನಿ, ಹೆಂಡ್ತಿ ಪಾಲಿಸಿಗೆ ಗಂಡ ನಾಮಿನಿ. ಇಬ್ರೂ ಒಟ್ಟಿಗೆ ಹೋದ್ರು. ಮಗೂನ ಚಿಕ್ಕಪ್ಪ ಒಂದು ಕಡೆ, ಸೋದರಮಾವ ಒಂದು ಕಡೆ ಎಳೀತಿದಾರೆ. ಆ ಫೈಲು ಇನ್ನೂ ನನ್ನ ಟೇಬಲ್ ಮೇಲಿದೆ. ನಾವು ಬೇರೆ ಬೇರೆ ಹೋದ್ರೆ ಇಬ್ರಲ್ಲಿ ಒಬ್ರಾದ್ರೂ ಸೀತಾಗೆ ಉಳೀತೀವಿ."

"ಕಮಲು ಹೇಳೋದ್ರಲ್ಲೂ ನ್ಯಾಯ ಇದೆ ಕಣಮ್ಮ," ಅಂದರು ಅತ್ತೆ. ಸೀತಾ ತಲೆ ಬಗ್ಗಿಸಿ ಮೊಸರನ್ನ ಕಲೆಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಮಾಂಬಲಂ ಸ್ಟೇಷನ್ನಿನಲ್ಲಿ ನನ್ನನ್ನು ಬೇರೆ ಡಬ್ಬಿಗೆ ಹತ್ತಿಸದೆ ಇದ್ದುದೇ ನನ್ನ ಪುಣ್ಯ ಅಂದುಕೊಂಡೆ. ಆದರೆ ಮಗಳ ಹೆಸರು ಎತ್ತಿದ ಮೇಲೆ ಯಾವ ತಾಯಿ ಜಗಳ ಆಡುತ್ತಾಳೆ?

ಹೋಗುವಾಗ ನನ್ನ ಪಕ್ಕ ಕೂತವರು ಒಬ್ಬ ಮರದ ವ್ಯಾಪಾರಿ. ದಾರಿಯುದ್ದಕ್ಕೂ ಬಾಯಿ ತೆರೆದುಕೊಂಡು ನಿದ್ದೆ ಮಾಡಿದರು. ಪೋರ್ಟ್ ಬ್ಲೇರ್‌ನಲ್ಲಿ ನಮ್ಮ ಯಜಮಾನರು ಹೂವಿನ ಚಿತ್ರದ ಅಂಗಿ ತೊಟ್ಟು ಕಾಯುತ್ತಿದ್ದರು. ನಾಲ್ಕು ದಿನ ಕಳೆದೆವು. ಹಸಿರು ಗಾಜಿನ ಬಳೆಯ ಬಣ್ಣದ ನೀರು, ಬೇಕಾದಷ್ಟು ಎಳನೀರು, ಒಲೆ ಹಚ್ಚುವ ಕೆಲಸವಿಲ್ಲ. ಸುಖ ಅಂದರೆ ಸುಖವೇ. ಆದರೆ ಮರಳಿನ ಮೇಲೆ ಕೂತಾಗಲೂ ಇವರು ಆಕಾಶ ನೋಡಿ, "ಮಂಗಳವಾರ ಮೋಡ ಇರಲ್ಲ ಅನ್ಸುತ್ತೆ," ಅನ್ನುವರು. ನನ್ನನ್ನು ವಿಮಾನ ಹತ್ತಿಸುವ ದಿನ ಹಿಡಿದ ಕೈ ಬಿಡಲೇ ಇಲ್ಲ, ಅಂಗೈ ಬೆವೆತಿತ್ತು. ಅಷ್ಟು ಹೆದರಿಕೆ ಇದ್ದವರು ಪಕ್ಕದಲ್ಲೇ ಕೂರಬಹುದಿತ್ತಲ್ಲ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಅತ್ತೆ ಸೀತಾಳ ಕೈ ಹಿಡಿದು ನಿಂತಿದ್ದರು. ನಾನು ಕೈ ಚಾಚಿದರೆ ಅವಳು ನನ್ನ ಹಿಂದೆ ಬರುತ್ತಿದ್ದವರನ್ನು ಒಬ್ಬೊಬ್ಬರಾಗಿ ನೋಡಿದಳು. ಕೊನೆಯವರು ದಾಟಿದ ಮೇಲೆ ಅವಳ ಮುಖ ಬಿಳಿಚಿಕೊಂಡಿತು. ತಮಿಳರ ಊರಿನಲ್ಲಿ ಬೆಳೆದ ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ಅಪ್ಪೊ, ಅಪ್ಪಾ ವರಮಾಟ್ಟಾರಾ?" ಹಾಗಾದರೆ ಅಪ್ಪ ಬರುವುದಿಲ್ಲವಾ ಎಂದು ಕೇಳಿದಳು.

"ಶುಕ್ರವಾರ ಬರ್ತಾರೆ ಪುಟ್ಟಿ."

ಅವಳು ನಂಬಲಿಲ್ಲ. ಆಟೋದಲ್ಲಿ ಅಜ್ಜಿಯ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು. ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಅಂಬುಜಾ, ಅವತ್ತು ಕಮಲು ಹೇಳಿದ್ದು ಕೇಳಿ, ನಿಮ್ಮಿಬ್ರಲ್ಲಿ ಒಬ್ರೇ ವಾಪಸ್ ಬರೋದು ಅಂತ ತಿಳ್ಕೊಂಡ್ಬಿಟ್ಟಿದೆ ಮಗು. ದಿನಾ ರಾಮದೇವರ ಗುಡೀಲಿ ಕಣ್ಮುಚ್ಚಿ ನಿಂತ್ಕೋತಿತ್ತು. ನಿನ್ನೆ ಬಾಯಿ ಬಿಡ್ತು. ಹಾಗಲ್ಲ ಕಣೇ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

"ದೇವರ ಹತ್ರ ಏನು ಕೇಳ್ಕೊಂಡ್ಲಂತೆ?"

ಅತ್ತೆ ನನ್ನ ಮುಖ ನೋಡಲಿಲ್ಲ. "ಅಪ್ಪನ್ನ ಕಳಿಸು ಅಂತ."

ನೋವಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ಜಡೆ, ಜ್ವರ, ಜಗಳ ಎಲ್ಲ ನೋಡಿಕೊಂಡವಳು ನಾನು. ಆಮೇಲೆ ಅದಕ್ಕಿಂತ ದೊಡ್ಡ ನೋವು ಬಂತು. ಇಬ್ಬರಲ್ಲಿ ಒಬ್ಬರನ್ನು ಆರಿಸುವ ಕೆಲಸವನ್ನು ಆ ಎಳೆ ತಲೆಯ ಮೇಲೆ ಹೊರಿಸಿ ನಾವು ಎಳನೀರು ಕುಡಿಯುತ್ತ ಕೂತಿದ್ದೆವು.

ಮೂರು ದಿನ ಸೀತಾ ನನ್ನ ಹತ್ತಿರ ಬರಲಿಲ್ಲ. ನಾನು ಬಂದದ್ದೇ ತಪ್ಪೇನೋ ಅನ್ನುವ ಹಾಗೆ ಮನೆಯಲ್ಲಿ ಓಡಾಡಿದೆ.

ಶುಕ್ರವಾರ ಅವಳನ್ನು ಕರೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದೆ. ವಿಮಾನ ಎರಡು ಗಂಟೆ ತಡ. ನನ್ನ ಧೈರ್ಯವೂ ಕುಸಿಯುತ್ತಿದ್ದಾಗ ಇವರು ಬಂದರು, ಮೂಗು ಬಿಸಿಲಿಗೆ ಸುಲಿದಿತ್ತು, ಕೈಯಲ್ಲಿ ಕಪ್ಪೆಚಿಪ್ಪಿನ ಬುಟ್ಟಿ.

"ನೋಡ್ದ್ಯಾ ಅಂಬು, ಎಲ್ಲ ಸುಸೂತ್ರವಾಯ್ತು," ಅಂದರು.

ಸೀತಾ ಓಡುತ್ತಾಳೆಂದು ನಾನು ಅವಳ ಕೈ ಸಡಿಲಿಸಿದೆ. ಅವಳು ಓಡಲಿಲ್ಲ. ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, ಎರಡೂ ಕೈಯಲ್ಲಿ ನನ್ನ ಸೀರೆ ಹಿಡಿದುಕೊಂಡಳು.

"ಅಪ್ಪಾ ವಂದುಟ್ಟಾರ್," ಅಂದಳು ಸಣ್ಣಗೆ. "ಇನಿಮೇ ನೀ ಪೋಯಿಡುವಿಯಾ ಅಮ್ಮಾ?" ಇನ್ನು ನೀನು ಹೋಗಿಬಿಡುತ್ತೀಯಾ ಎಂದು ನನ್ನನ್ನು ಕೇಳಿದಳು.

ಇವರಿಗೆ ಸರಿಯಾಗಿ ಕೇಳಿಸಲಿಲ್ಲ. ನಗುತ್ತಲೇ ಬುಟ್ಟಿ ಮುಂದೆ ಹಿಡಿದು, "ಏನಂತೆ ನನ್ನ ಮಗಳದು?" ಅಂದರು.

"ಅಪ್ಪ ಬಂದಾಯ್ತಲ್ಲ, ಇನ್ನು ಅಮ್ಮ ಯಾವಾಗ ಹೋಗ್ತಾಳೆ ಅಂತ ಕೇಳ್ತಿದಾಳೆ," ಅಂದೆ.