ಅಂಗೈಯ ಗುಟುಕು

ತಟ್ಟೆಯ ಅಂಚಿಗೆ ನೊಣ ಬಂದು ಕೂತಿತು, ಓಡಿಸಬೇಕು, ಓಡಿಸಲು ಬೇರೆ ಆಳಿದ್ದಾನೆ, ಗೊಶುವಿನ ಕೆಲಸ ಜೇನುಮದ್ಯದ ಹೂಜಿ ಹಿಡಿದು ದೊರೆಯ ಬಲಕ್ಕೆ ನಿಲ್ಲುವುದು, ಅಂಗೈ ಬಗ್ಗಿಸಿ ಒಂದಿಷ್ಟು ಸುರಿದುಕೊಂಡು ಮೊದಲು ತಾನು ಕುಡಿಯುವುದು, ತಾನು ಸಾಯದಿದ್ದರೆ ದೊರೆಯ ಲೋಟ ತುಂಬುವುದು, ಮೂವತ್ತೊಂದು ವರ್ಷ ಇದೇ ಅಂಗೈ — ಬೆಳಿಗ್ಗೆ ರೇಡಿಯೋದಲ್ಲಿ ಏಳು ಹೆಸರು ಓದಿದರು, ರಾಜದ್ರೋಹಿಗಳು, ನಿನ್ನೆ ಗುಂಡಿಕ್ಕಿದರಂತೆ, ನಾಲ್ಕನೆಯದು ಫಿಕ್ರೆ ಗೊಶು, ಮಗನ ಹೆಸರು, ಹಿಂದೆ ಅಪ್ಪನ ಹೆಸರು, ಆದರೆ ಅಂಬಾ ವರ್ಕ್ ಪಟ್ಟಣದಲ್ಲಿ ಫಿಕ್ರೆಗಳಿಗೇನು ಬರವೇ, ಗೊಶು ಅನ್ನುವ ಅಪ್ಪಂದಿರಿಗೇನು ಬರವೇ, ಅಡುಗೆಯ ತೆಸ್ಸೆಮಾ ಮಾತ್ರ ಮುಖ ತಿರುಗಿಸಿಕೊಂಡು ಹೆಚ್ಚಿದ ಈರುಳ್ಳಿಯನ್ನೇ ಹೆಚ್ಚುತ್ತಿದ್ದ, ಹೆಚ್ಚಲಿ, ದೊರೆ ಈಗ ಬಾಯಿ ಬಿಡುತ್ತಾರೆ, ಅದು ನಿನ್ ಮಗ ಅಲ್ಲ ಕಣೋ ಗೊಶು ಅನ್ನುತ್ತಾರೆ, ಮಾತು ಕೊಟ್ಟಿದ್ದಾರೆ, ಮಂತ್ರಿಗಳೆಲ್ಲ ಕೂತಿದ್ದಾಗಲೇ ಕೊಟ್ಟಿದ್ದಾರೆ.

ಮೂರು ವಾರದ ಹಿಂದೆ, ಇದೇ ಊಟದ ಮನೆ, ಫಿಕ್ರೆಯನ್ನು ಹಿಡಿದೊಯ್ದ ಮಾರನೆಯ ದಿನ, ಗೋಡೆ ಮೇಲೆ ಏನೋ ಬರೆದನಂತೆ, ಬೆಳೆದವನಿಗೇ ಬೆಳೆ ಅಂತ, ಗೊಶು ಹೂಜಿ ಕೆಳಗಿಟ್ಟು ಕಾಲಿಗೆ ಬಿದ್ದ, ಬುದ್ಧೀ, ಒಬ್ಬನೇ ಮಗ, ನೀವೇ ಕಟ್ಟಿಸಿದ ಶಾಲೇಲಿ ಓದಿದೋನು, ದೊರೆ ಇಂಜೆರಾ ರೊಟ್ಟಿ ಮುರಿದು, ಕೋಳಿ ಸಾರಿನಲ್ಲಿ ಅದ್ದಿ, ತಮ್ಮ ಕೈಯಾರೆ ಗೊಶುವಿನ ಬಾಯಿಗಿಟ್ಟರು, ಹಬ್ಬಕ್ಕೆ ನಿನ್ ಮಗ ಮನೇಲಿರ್ತಾನೆ, ಹೋಗು, ಕೈತುತ್ತು ಕೊಟ್ಟವರು ಕೈಬಿಡುವುದುಂಟೇ, ಮನೆಗೆ ಓಡಿದ, ಹೆಂಡತಿ ಯೆಶಿ ಹಿಟ್ಟು ಕಲಸುತ್ತಿದ್ದಳು, ಒಂದೇ ತುತ್ತಾ? ಒಂದೇ ತುತ್ತಿಟ್ಟರೆ ಹಗೆ ಅಂತಾರೆ, ಇನ್ನೊಂದು ಇಡಿಸಿಕೊಂಡು ಬರೋಕೇನಾಗಿತ್ತು ನಿಮಗೆ, ಬಾಯಿ ಮುಚ್ಚೇ, ದೊರೆ ಕೈಯಿಂದ ಇನ್ನೊಂದು ಕೇಳ್ತಾರಾ ಯಾರಾದ್ರೂ, ಆದರೂ ಅವಳು ಹಬ್ಬಕ್ಕೆಂದು ಹುಂಜ ಕಟ್ಟಿಹಾಕಿದಳು. ದೊರೆ ಪಟ್ಟಕ್ಕೆ ಬಂದಾಗ ಹೇಸರಗತ್ತೆಯ ಮೇಲೆ ಬಂದವರು, ಈಗ ಹನ್ನೆರಡು ಕಪ್ಪು ಕಾರು, ರಸ್ತೆ, ಆಸ್ಪತ್ರೆ, ಗೋಡೆ ಗೋಡೆಗೂ ಅವರದೇ ಪಟ, ಸಾರಿನಲ್ಲಿ ಯಾರೋ ವಿಷ ಹಾಕಿ ಅವರ ಚಿಕ್ಕಪ್ಪ ಸತ್ತಾಗ ಇಡೀ ಅಡುಗೆಮನೆಯನ್ನೇ ಬದಲಿಸಿದರು, ಗೊಶುವನ್ನು ಮಾತ್ರ ಇಟ್ಟುಕೊಂಡರು, ಇವನ ಕೈ ನನ್ ಕೈ ಅಂದರು, ಆ ಒಂದು ಮಾತು ಹೊದ್ದುಕೊಂಡು ಎಷ್ಟು ಚಳಿಗಾಲ ಕಳೆದ, ಅವನು ಕುಡಿಯುವಾಗ ದೊರೆ ಒಮ್ಮೆಯೂ ತಿರುಗಿ ನೋಡಿದವರಲ್ಲ, ಮಾತಾಡುತ್ತಲೇ ಲೋಟ ಮುಂದೆ ಚಾಚುತ್ತಿದ್ದರು.

ಈಗ ಲೋಟ ಚಾಚಿದ್ದಾರೆ, ಗೊಶು ಅಂಗೈಗೆ ಸುರಿದುಕೊಂಡ, ಕುಡಿದ, ಸಿಹಿ, ತಲೆಯೆತ್ತಿದರೆ ದೊರೆ ನೋಡುತ್ತಿದ್ದಾರೆ, ಮುಖವನ್ನಲ್ಲ, ಗಂಟಲನ್ನು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಹೇಳಿ ಬುದ್ಧೀ, ಅದು ಬೇರೆ ಫಿಕ್ರೆ ಅಂತ ಹೇಳಿಬಿಡಿ, ಮನಸ್ಸಲ್ಲೇ ಬೇಡಿದ, ದೊರೆ ಲೋಟವನ್ನು ಹಿಂದಕ್ಕೆಳೆದು ಅದರ ಬಾಯಿಯನ್ನು ಕೈಯಿಂದ ಮುಚ್ಚಿದರು, ಮೆತ್ತಗೆ, ಹಳೆಯ ಗೆಳೆಯನಿಗೆ ಹೇಳುವ ಹಾಗೆ, ಗೊಶು, ಇನ್ನೊಂದ್ಸಲ ಕುಡಿ. ಹಾಗಾದರೆ ಅದು ಫಿಕ್ರೆಯೇ. ಹಾಗಾದರೆ ಗೊತ್ತಿದ್ದೇ, ತಾವೇ ರುಜು ಹಾಕಿ, ಮೂಗಿಗೆ ತುಪ್ಪ ಸವರಿ ಮೂರು ವಾರ ತಮ್ಮ ಮದ್ಯ ತಾವು ಕುಡಿದುಕೊಂಡು, ಇವತ್ತು ಈ ಕೈಯಲ್ಲಿ ವಿಷ ಇರಬಹುದು ಅಂತ, ಈ ಕೈಯಲ್ಲಿ — ವಿಷದ ಯೋಚನೆ ಅವನಿಗೆ ಬಂದೇ ಇರಲಿಲ್ಲವಲ್ಲ, ಮಗನ ಹೆಸರು ರೇಡಿಯೋದಲ್ಲಿ ಕೇಳಿದ ದಿನವೂ ಬಂದಿರಲಿಲ್ಲವಲ್ಲ, ಯಾಕೆ ಬರಲಿಲ್ಲ, ಹೂಜಿ ಬಾಗಿತು, ಅಂಗೈ ತುಂಬಿತು, ಹಳದಿ ಮದ್ಯ ಬೆರಳ ಸಂದಿಯಿಂದ ಸೋರುತ್ತಿದೆ, ಕುಡಿ ಅಂದೆ, ಕೈ ಮೇಲೇಳುತ್ತಿಲ್ಲ, ಅಂಗೈ, ತುಂಬಿದ ಅಂಗೈ, ಅಂಗೈ —