ಪಕ್ಕದ ಸೀಟಿನ ಬ್ರೇಕು

ಸೀಟು ಇನ್ನೂ ತಾತನ ಅಳತೆಗೇ ಇದೆ, ಬೆನ್ನು ಒರಗಿಸಿದರೆ ನನ್ನ ಕಾಲು ಬ್ರೇಕಿಗೆ ಎಟುಕುವುದಿಲ್ಲ, ಮುಂದಕ್ಕೆ ಎಳೆದರೆ ಅವರು ಕೂತಿದ್ದ ಜಾಗವೇ ಹೋದಂತೆ — ಹೋಗಲಿ, ಕಲಿಸುವವರ ಕಾಲಡಿಯ ಈ ಎರಡನೇ ಬ್ರೇಕನ್ನು ನಂಬಿಯೇ ಅಲ್ಲವೇ ಜನ ನಮ್ಮ ಡ್ರೈವಿಂಗ್ ಸ್ಕೂಲಿಗೆ ಬರುವುದು, ಎಳೆದೆ, ಕಟಕಟ ಎನ್ನುತ್ತಾ ಬಂತು. ಸ್ಟೀರಿಂಗ್ ಹಿಡಿದು ಕೂತ ದರ್ಜಿ ಅಕ್ಕ ನೋಡಿಯೂ ನೋಡದವರಂತೆ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಾರೆ, ತಾತನ ಕೊನೆಯ ಶಿಷ್ಯೆ, ಅರ್ಧಕ್ಕೇ ಬಿಟ್ಟು ಹೋದ್ರಲ್ಲಮ್ಮ ನಿಮ್ ತಾತ, ಇನ್ನರ್ಧ ನೀನೇ ಕಲಿಸ್ಬೇಕು, ಆ ಮೇಲ್ಸೇತುವೆ ಒಂದು ಬಿಟ್ಟು ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು. ಬಾಕಿ ಉಳಿದಿರುವುದೇ ಅದೊಂದು. ಕ್ಲಚ್ಚನ್ನು ಹೊಲಿಗೆ ಮೆಷಿನ್ ತುಳಿದ ಹಾಗೆ ತುಳಿಯುತ್ತಾರೆ, ಕಾರು ಬಿಕ್ಕುತ್ತಾ ಹೊರಟಿತು, ಮೆಲ್ಲಗೆ ಬಿಡಿ ಅಕ್ಕ — ದನಿ ಏರಿತು, ತಾತನದು ಏರುತ್ತಿರಲಿಲ್ಲ, ನಾನು ಗೋಡೆಗೆ ಗುದ್ದಿದ ದಿನವೂ ಕೆಳಗಿಳಿದು ಗೋಡೆ ಸವರಿ, ಪಾಪ, ಅದರ ಪಾಡಿಗೆ ಅದು ನಿಂತಿತ್ತು ಅಂದರು, ಅಷ್ಟೇ. ಬಾಯಿಗೆ ಅವಸರವಿರಲಿಲ್ಲ, ಕಾಲಿಗೆ ಮಾತ್ರ ವಿಶ್ರಾಂತಿ ಇರಲಿಲ್ಲ, ಬಸ್ಸಿನಲ್ಲಿ ಕೂತರೂ, ಟಿವಿಯಲ್ಲಿ ಕಾರೊಂದು ತಿರುವಿಗೆ ಬಂದರೂ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ನೆಲ ತೂತಾಗುತ್ತೆ ಕಣ್ರೀ ಎಂದು ಅಜ್ಜಿ ರೇಗುತ್ತಿದ್ದಳು. ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಕರೆದೊಯ್ಯುವಾಗಲೂ ಹಾಗೇ, ವಾರ್ಡಿನವನು ಸ್ಟ್ರೆಚರನ್ನು ಜೋರಾಗಿ ತಳ್ಳಿಕೊಂಡು ಹೋಗುತ್ತಿದ್ದ, ತಿರುವು ಬಂತು, ಹೊದಿಕೆಯೊಳಗೆ ಬಲಗಾಲು ಚಾಚಿ ಒತ್ತಿತು, ತಾತಾ, ಇದಕ್ಕೆ ಬ್ರೇಕಿಲ್ಲ ಅಂದೆ, ಕಣ್ಣು ಮುಚ್ಚಿಕೊಂಡೇ, ಇವನಿಗೆ ಲೈಸೆನ್ಸ್ ಕೊಟ್ಟೋರ್ಯಾರು ಕೇಳು ಅಂದರು, ವಾರ್ಡಿನವನೂ ನಕ್ಕುಬಿಟ್ಟ.

ಬಲಕ್ಕೆ ತಿರುಗಿಸಿ ಅಕ್ಕ. ಬಲಕ್ಕೆ ಹೋದ್ರೆ ಸೇತುವೆ ಬರುತ್ತಲ್ಲಮ್ಮ. ಹೂಂ, ಬರುತ್ತೆ. ಅವರು ಮುಖ ಗಂಟಿಕ್ಕಿಕೊಂಡರೂ ತಿರುಗಿಸಿದರು, ಏರು ಶುರುವಾಯಿತು, ಎರಡನೇ ಗೇರು, ಮುಂದಿನ ಬಸ್ಸಿನ ಕೆಂಪು ದೀಪ ಹತ್ತಿತು, ನಿಲ್ಲಿಸಿ, ಸರಿಯಾಗಿ ಏರಿನ ನಡುವೆ ನಿಂತೆವು, ಹಿಂದೆ ಲಾರಿ, ಕನ್ನಡಿಯ ತುಂಬ ಅದರ ಮೂತಿಯೇ. ಬಸ್ಸು ಹೊರಟಿತು, ಇವರು ಬ್ರೇಕು ಬಿಟ್ಟರು, ಇಂಜಿನ್ ಆಫ್, ಕಾರು ಹಿಂದಕ್ಕೆ ಜಾರಿತು, ಲಾರಿಯವನು ಹಾರ್ನ್ ಒತ್ತಿ ಹಿಡಿದ, ನಾನು ಬ್ರೇಕು ಒತ್ತಿದೆ, ನಿಂತಿತು. ನನ್ ಕೈಲಾಗಲ್ಲಮ್ಮ, ನೀನೇ ಬಂದು ಕೂತ್ಕೋ. ಇಲ್ಲ, ಮತ್ತೆ ಸ್ಟಾರ್ಟ್ ಮಾಡಿ. ಮಾಡಿದರು. ಈಗ ನಾನು ಬ್ರೇಕಿನಿಂದ ಕಾಲು ತೆಗೆಯಬೇಕು, ತೆಗೆದರೆ ಲಾರಿ, ತೆಗೆಯದಿದ್ದರೆ ಇವರು ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲ — ರಸ್ತೆ ನೋಡ್ಬೇಡ, ಅವರ ಮುಖ ನೋಡು ಎನ್ನುತ್ತಿದ್ದರು ತಾತ, ನೀನು ಒತ್ತಿದ್ರೆ ಕಾರು ನಿಲ್ಲುತ್ತೆ, ಅವರೂ ಅಲ್ಲೇ ನಿಂತುಬಿಡ್ತಾರೆ, ಬಿಡೋದನ್ನೂ ಕಲಿ. ನೋಡಿದೆ, ದರ್ಜಿ ಅಕ್ಕ ಗುಂಡುಸೂಜಿ ಕಚ್ಚಿಕೊಂಡವರಂತೆ ತುಟಿ ಬಿಗಿದಿದ್ದಾರೆ, ಕಣ್ಣಲ್ಲಿ ನೀರಿದೆ, ಆದರೆ ಎಡಗಾಲು ನಿಧಾನಕ್ಕೆ, ದಾರ ಹರಿಯದ ಹಾಗೆ ನಿಧಾನಕ್ಕೆ, ಕ್ಲಚ್ಚು ಬಿಡುತ್ತಿದೆ. ನಾನು ಕಾಲು ತೆಗೆದೆ. ಕಾರು ಒಮ್ಮೆ ನಡುಗಿ, ಮೂತಿ ಎತ್ತಿ, ಹತ್ತಿತು.

ಆಚೆ ಇಳಿದು ಬದಿಗೆ ನಿಲ್ಲಿಸಿದ ಮೇಲೆ ಅಳುತ್ತಾ ನಗುತ್ತಾ ಸೆರಗಿನಿಂದ ಮುಖ ಒರೆಸಿಕೊಂಡರು, ನಿಮ್ ತಾತ ಇದ್ದಿದ್ರೆ ಈಗ ಏನಂತಿದ್ರು ಗೊತ್ತೇನಮ್ಮ, ಇಬ್ರೂ ಬದುಕಿದ್ದೀವಿ, ಪಾಠ ಚೆನ್ನಾಗಾಯ್ತು. ಗೊತ್ತು, ನನಗೂ ಅದನ್ನೇ ಅನ್ನುತ್ತಿದ್ದರು, ಚೆನ್ನಾಗಿ ಓಡಿಸ್ತೀಯ ಎಂದು ಒಂದು ಸಲವೂ ಅನ್ನಲಿಲ್ಲ, ನಾನೂ ಕೇಳಲಿಲ್ಲ, ಕೇಳೋಣವೆಂದುಕೊಂಡ ಬೆಳಿಗ್ಗೆ ಅದೇ ವಾರ್ಡಿನವನು, ಅದೇ ಸ್ಟ್ರೆಚರು, ಈ ಸಲ ಅವನು ತಾನಾಗಿಯೇ ನಿಧಾನ ತಳ್ಳುತ್ತಿದ್ದ, ನಾನು ಪಕ್ಕದಲ್ಲಿ ನಡೆಯುತ್ತಾ ಮುಖದ ಮೇಲಕ್ಕೂ ಎಳೆದಿದ್ದ ಹೊದಿಕೆಯನ್ನೇ ನೋಡುತ್ತಿದ್ದೆ, ತಿರುವು ಬಂತು, ಚಕ್ರ ಕಿರ್ರೆಂದಿತು, ಹೊದಿಕೆಯಡಿ ಬಲಗಾಲು, ಹೆಬ್ಬೆರಳು ಮೇಲಕ್ಕೆ, ಒತ್ತಲಿಲ್ಲ, ಬಲಗಾಲು, ತಿರುವಿನಲ್ಲಿ, ಒತ್ತಲಿಲ್ಲ